ಬೀಗರೂ ಯುಎಸ್‌ಬಿಯೂ

ನಮ್ಮ ಬಡಾವಣೆಯಲ್ಲಿ ವಿದ್ಯುತ್ತು ಹೋಗುವುದಕ್ಕೆ ಹೊತ್ತುಗೊತ್ತಿಲ್ಲದ ಕಾಲದಲ್ಲಿ, ದೀಪವಾರಿದ ಮೇಲೂ ಜೀವ ಹಿಡಿದುಕೊಂಡಿರುವ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಮೊಬೈಲಿನ ಹಸಿವನ್ನು ತಣಿಸಬಹುದೆಂಬ ಯೋಚನೆ ನನಗೆ ಹೊಳೆಯಿತು. ಆದರೆ ಆ ಮೊಬೈಲು, ಅದರ ಕುಲಗೋತ್ರವನ್ನೆತ್ತಿ ಯಾರ ಮನಸ್ಸನ್ನೂ ನೋಯಿಸಲಾರೆ, ಲಿನಕ್ಸ್ ಓಡುತ್ತಿದ್ದ ನನ್ನ ಯಂತ್ರಕ್ಕೆ ಎರಡು ಗಂಟೆ ಅಂಟಿಕೊಂಡಿದ್ದರೂ, ಉಪವಾಸ ವ್ರತ ಹಿಡಿದಂತೆ, ಇದ್ದಷ್ಟರಲ್ಲಿಯೇ ಇದ್ದುಬಿಡುತ್ತಿತ್ತು.

ವಿಚಾರಿಸಲಾಗಿ ತಿಳಿದದ್ದು, ಇದು ಹಸಿವಿನ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ ಎಂಬುದು. ಯುಎಸ್‌ಬಿ 2.0 ಎಂಬ ಪಂಕ್ತಿಯಲ್ಲಿ ಕುಳಿತ ಅತಿಥಿಯು, ಮನೆಯ ಯಜಮಾನನು ತನ್ನನ್ನು ವಿಧಿವತ್ತಾಗಿ ಅಂಗೀಕರಿಸುವವರೆಗೆ 100 ಮಿಲಿಆಂಪಿಯರ್‌ಗಿಂತ ಹೆಚ್ಚು ಉಣ್ಣತಕ್ಕದ್ದಲ್ಲ. ಬೇಡಿಕೆಯನ್ನು ಮುಂದಾಗಿ ನಿವೇದಿಸಿ, ಅದು ಮಂಜೂರಾದ ಬಳಿಕ 500ರವರೆಗೆ ಬಡಿಸಿಕೊಳ್ಳಬಹುದು. ನನ್ನ ಮೊಬೈಲಾದರೋ ಬೀಗರ ಜಾತಿಯದು. ‘ನನಗೆ 100 ಸಾಕು’ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು. ತನ್ನ ಮನೆತನಕ್ಕೆ ಮಾತ್ರ ತಿಳಿದ ಎರಡು ಗುಟ್ಟಿನ ಮಾತುಗಳಿಂದ ಉಪಚರಿಸಿದರಷ್ಟೇ ‘ಹಾಗಾದರೆ 500 ಇರಲಿ’ ಎನ್ನುವುದು. ಬೇರೊಂದು ಕಂಪ್ಯೂಟರಿನ ಪಕ್ಕದಲ್ಲಿ ಕುಳಿತು ಆ ಮಾತುಗಳನ್ನು ಕದ್ದು ಕೇಳಿಕೊಂಡು ಬಂದು, ಅವನ್ನು ನುಡಿಯಬಲ್ಲ ಡ್ರೈವರೊಂದನ್ನು ನಾನೇ ಬರೆಯಲು ಸಂಕಲ್ಪಿಸಿದೆನು.

ಡ್ರೈವರ್ ಸೇರಬೇಕಾದದ್ದು ಕರ್ನೆಲ್ಲಿಗೆ, ಕರ್ನೆಲ್ಲೆಂದರೆ ಗರ್ಭಗುಡಿ. ಹೊರಗಿನ ಸಾಮಾನ್ಯ ಪ್ರೋಗ್ರಾಮು ಎಡವಿದರೆ ತಾನೊಂದೇ ಬೀಳುತ್ತದೆ. ಒಳಗಿನದು ಎಡವಿದರೆ ದೇವಸ್ಥಾನವೇ ಕುಸಿಯುತ್ತದೆ. ಮೊಬೈಲು ತನ್ನ ಬೇಡಿಕೆಯ ಜಾಗದಲ್ಲಿ 50 ಎಂದು ಬರೆದುಕೊಂಡಿದ್ದನ್ನು ಕಂಡು ಅದರ ಮಿತಾಹಾರಕ್ಕೆ ಮರುಗಿದ ನಾನು, ಅಲ್ಲಿ ಲೆಕ್ಕ ನಡೆಯುವುದು ಎರಡೆರಡು ಮಿಲಿಆಂಪಿಯರಿನ ಅಳತೆಯಲ್ಲಿ, ಆದುದರಿಂದ 50 ಎಂದರೆ 100, 250 ಎಂದರೆ 500, ಎಂಬುದನ್ನರಿಯಲು ಒಂದು ಸಂಜೆಯನ್ನೇ ವ್ಯಯಿಸಿದೆ. ಲೈಸೆನ್ಸಿನ ಒಂದು ಸಾಲನ್ನು ಮರೆತು ಡ್ರೈವರನ್ನು ಒಳಗೆ ಬಿಟ್ಟಾಗ, ಕರ್ನೆಲ್ಲು ತನ್ನ ದಿನಚರಿಯಲ್ಲಿ ‘ಟೇಂಟೆಡ್’, ಎಂದರೆ ಮೈಲಿಗೆಯಾಯಿತು, ಎಂದು ದಾಖಲಿಸಿಕೊಂಡಿತು. ಡ್ರೈವರನ್ನು ಹೊರಗೆಳೆದರೂ ಆ ಮೈಲಿಗೆ ಹೋಗದು. ರೀಬೂಟೆಂಬ ತಲೆಸ್ನಾನವೇ ಆಗಬೇಕು. ನಮ್ಮ ಅಜ್ಜಿ ಇದ್ದಿದ್ದರೆ ಈ ಯಂತ್ರವನ್ನು ಮೆಚ್ಚಿಕೊಳ್ಳುತ್ತಿದ್ದರು. ಇನ್ನೊಮ್ಮೆ ಒಂದು ಪಾಯಿಂಟರು ದಾರಿ ತಪ್ಪಿದ್ದೇ ನೆಪವಾಗಿ ಪರದೆಯೇ ಕಲ್ಲಾಯಿತು. ಆ ರಾತ್ರಿ ಸ್ನಾನಗಳು ಎಷ್ಟಾದವೋ, ಮಾಘಮಾಸದ ವ್ರತಸ್ಥನೂ ಅಷ್ಟು ಮಾಡಿರಲಾರ.

ಇಂಥ ಸಾಹಸದಲ್ಲಿ ನಾನೇ ಮೊದಲಿಗನೆಂದು ಬೀಗುತ್ತಿದ್ದೆ. ಆದರೆ ಕರ್ನೆಲ್ಲಿನ ಪ್ರಮುಖ ಪಾಲಕರಲ್ಲೊಬ್ಬರಾದ ಗ್ರೆಗ್ ಕ್ರೋವಾ-ಹಾರ್ಟ್‌ಮನ್ನರು 2000ರ ದಶಕದಲ್ಲಿಯೇ ಬ್ಲ್ಯಾಕ್‌ಬೆರಿಗಾಗಿ ‘ಬೆರಿ ಚಾರ್ಜ್’ ಎಂಬ ಪುಟ್ಟ ಡ್ರೈವರನ್ನು ರಚಿಸಿದ್ದರು. ಮುಂದೆ ಅದೂ ಕರ್ನೆಲ್ಲಿನಿಂದ ನಿರ್ಗಮಿಸಿತು. ಏಕೆಂದರೆ ಅವೇ ಎರಡು ಮಾತುಗಳನ್ನು ಹೊರಗಿನ ಪ್ರೋಗ್ರಾಮೂ ಆಡಬಲ್ಲುದು. ಬೀಗರನ್ನು ಉಪಚರಿಸಲು ಪಡಸಾಲೆಯೇ ಸಾಕಾಗಿರುವಾಗ ನಾನು ಗರ್ಭಗುಡಿಯಲ್ಲಿ ನಿಂತು ಕೂಗುತ್ತಿದ್ದೆನೆಂದಾಯಿತು.

ಅಂತೂ ಮೂರನೆಯ ರಾತ್ರಿ ಮೊಬೈಲು 500 ಎಂದಿತು. ಬ್ಯಾಟರಿಯ ಚಿತ್ರದಲ್ಲಿ ಮಿಂಚಿನ ಗುರುತು ಮೂಡಿತು. ಊಟಕ್ಕೆ ಕರೆದು ಕರೆದು ಸೋತು, ಸಟ್ಟುಗವನ್ನು ಹಿಡಿದೇ ಬಂದು ನಿಂತಿದ್ದ ನನ್ನಾಕೆಗೆ ಸಂಭ್ರಮದಿಂದ ತೋರಿಸಿದೆ.

“ಅಷ್ಟು ದಿನ ಒಲ್ಲೆನೆಂದದ್ದು ಈಗ ಹೇಗೆ ಒಪ್ಪಿತು? ಏನೆಂದಿರಿ ಅದಕ್ಕೆ?”

“ಇನ್ನೇನು, ‘ಸಂಕೋಚ ಬೇಡ, ಇನ್ನಷ್ಟು ಬಡಿಸಿಕೊಳ್ಳಿ’ ಎಂದೆ.”

“ಮದುವೆಯಾದಾಗಿನಿಂದ ನನಗೊಂದು ದಿನ ಹಾಗೆಂದದ್ದುಂಟೆ?”

ಆ ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಸಾರನ್ನು ಬಡಿಸಿದವನು ನಾನು.