ಬೇಲಿ ದಾಟಿದ ಎಳೆ

ಬನ್ನಿ ಗಿರಿಜಮ್ಮ, ಕರಿಬೇವು ತಾನೇ? ಈ ಕಡೆ ಕೊಂಬೆಯಲ್ಲಿ ಎಳೆ ಸೊಪ್ಪಿದೆ, ಬೇಕಾದಷ್ಟು ಕೊಯ್ಕೊಳ್ಳಿ. ನಿಮ್ಮ ಮುಖ ನೋಡಿದ್ರೇನೇ ಗೊತ್ತಾಗ್ತಿದೆ, ನಿಮ್ಮ ಸುಹಾಸನ ವಿಚಾರ ಅಂತ. ಮೊನ್ನೆ ರಾತ್ರಿ ಧಾರಾವಾಹಿ ಅರ್ಧಕ್ಕೇ ನಿಂತಿತಲ್ಲ, ಯಜಮಾನರ ಫೋನಿಗೂ ನೆಟ್ ಬರ್ಲಿಲ್ಲವಲ್ಲ, ಅದು ಮಾಳಿಗೆ ಕೋಣೆಯ ಆ ಕರಿ ಡಬ್ಬಿಯಿಂದಲೇ ಆದದ್ದು. ರಾತ್ರಿ ಹತ್ತು ಗಂಟೆಗೆ ಅವನು ಇದೇ ದಾಸವಾಳದ ಬೇಲಿ ಹತ್ತಿರ ಬಂದು, "ಆಂಟಿ, ಯಾಕೆ ಹೀಗಾಯ್ತು ಅಂತ ಹುಡುಕಿಬಿಟ್ಟೆ" ಅಂದ. ಆ ಹುಡುಗನ ಕಣ್ಣಲ್ಲಿದ್ದ ಬೆಳಕು ನೋಡಿದ್ರೆ ನೀವೂ ಬೈತಿರ್ಲಿಲ್ಲ.

ಆದದ್ದು ಇಷ್ಟು. ಮನೆಗೆ ಬಂದ ಫೋನು ಮೊದಲು ಎಲ್ಲರಿಗೂ ಕೇಳೋ ಹಾಗೆ ಕೂಗುತ್ತೆ: ನನಗೊಂದು ವಿಳಾಸ ಕೊಡೋರು ಯಾರಾದ್ರೂ ಇದ್ದೀರಾ? ಮನೆಯ ರೂಟರ್ ಇದೆ, ತಗೋ ಅನ್ನುತ್ತೆ. ಫೋನು ಅದೇ ಕೊಡು ಅನ್ನುತ್ತೆ, ರೂಟರ್ ಆಯ್ತು ಅನ್ನುತ್ತೆ. ಈ ನಾಲ್ಕು ಮಾತಿನ ವ್ಯವಹಾರಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಸುಹಾಸ ಅಭ್ಯಾಸಕ್ಕೆ ಅಂತ ತನ್ನ ಡಬ್ಬಿಯಲ್ಲೂ ವಿಳಾಸ ಹಂಚೋನನ್ನ ಕೂರಿಸಿದ್ದ, ಅದನ್ನ ಮನೆಯ ಜಾಲಕ್ಕೇ ಜೋಡಿಸಿಬಿಟ್ಟಿದ್ದ. ಫೋನು ಕೂಗಿದಾಗ ಇಬ್ಬರೂ ಓಗೊಟ್ಟರು. ಅವನ ಡಬ್ಬಿ ಮುಂಚೆ ಉತ್ತರ ಕೊಡ್ತು, ಫೋನು ಅದನ್ನೇ ನಂಬಿತು. ಹೊರಗೆ ಹೋಗೋ ದಾರಿ ಅಂತ ಆ ಡಬ್ಬಿ ತೋರಿಸಿದ ಕಡೆ ದಾರಿಯೇ ಇರಲಿಲ್ಲ. ಪುಸ್ತಕದಲ್ಲಿ ಇದನ್ನ ಅವನು ಎರಡು ಸಲ ಓದಿದ್ದನಂತೆ. ಆವತ್ತು ವೈರ್‌ಶಾರ್ಕ್ ಅನ್ನೋ, ಜಾಲದ ಮಾತನ್ನೆಲ್ಲ ತೋರಿಸೋ ತಂತ್ರಾಂಶ ಹಾಕಿ ಎರಡು ಉತ್ತರ ಬರೋದನ್ನ ಕಣ್ಣಾರೆ ಕಂಡ. ಇನ್ನು ಜನ್ಮದಲ್ಲಿ ಮರೆಯೋದಿಲ್ಲ.

ಈಗ ಅದನ್ನ ಬೇರೆ ಮಾಡಿದ್ದಾನೆ, ನಿಮ್ಮ ಟಿವಿಗೆ ಮತ್ತೆ ತೊಂದರೆ ಬರೋಲ್ಲ. ಸ್ವಿಚ್ ಒಂದೇ, ತಂತಿಯೂ ಒಂದೇ. ಆದ್ರೆ ಅದರಲ್ಲಿ ಓಡೋ ಒಂದೊಂದು ಫ್ರೇಮಿಗೂ ನಾಲ್ಕು ಬೈಟಿನ ಚೀಟಿ ಅಂಟಿಸ್ತಾರೆ, ಇದು ಮನೆಯದು, ಇದು ಅಭ್ಯಾಸದ್ದು ಅಂತ. ಅದಕ್ಕೆ ವಿಲ್ಯಾನ್ ಅನ್ನೋದು. ಚೀಟಿಯಲ್ಲಿ ನಂಬರಿಗೆ 12 ಬಿಟ್ ಜಾಗ, ಅಂದ್ರೆ 4094 ಬೇರೆಬೇರೆ ಜಾಲ ಮಾಡಬಹುದು. ಇವನಿಗೆ ಮೂರು ಸಾಕು.

ದುಡ್ಡಿನ ಚಿಂತೆ ಅಂದ್ರಾ? ನಾನೂ ಅವನ ಜೊತೆ ಕೂತು ಲೆಕ್ಕ ಹಾಕಿದ್ದೀನಿ. ಮೊದಲು ಅವನ ಕಣ್ಣು ಹಳೇ ರ್‍ಯಾಕ್ ಸರ್ವರ್ ಮೇಲಿತ್ತು. ಬೇಡಪ್ಪ ಅಂದೆ. ಸುಮ್ಮನೆ ಕೂತಿದ್ರೂ 150 ವಾಟ್ ತಿನ್ನೋ ಯಂತ್ರ ಹಗಲೂರಾತ್ರಿ ಓಡಿದ್ರೆ ತಿಂಗಳಿಗೆ 108 ಯೂನಿಟ್. ನಿಮ್ಮದು ಗೃಹಜ್ಯೋತಿ ಮನೆ. 200 ದಾಟಿದ್ರೆ ಪೂರ್ತಿ ಬಿಲ್ ನಿಮ್ಮ ತಲೆಗೇ. ಅದರ ಫ್ಯಾನಿನ ಸದ್ದಿಗೆ ಮಾಳಿಗೆಯಲ್ಲಿ ಯಾರೂ ಮಲಗೋ ಹಾಗಿಲ್ಲ. ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಪುಟ್ಟ ಕಂಪ್ಯೂಟರ್ ತಂದ. ಉಪ್ಪಿನಕಾಯಿ ಡಬ್ಬಿಯಷ್ಟಿದೆ, 16 ಜಿಬಿ ರ್‍ಯಾಮ್ ಇದೆ, ಒಂಬತ್ತು ಸಾವಿರ ಬಿತ್ತು. ಹದಿನೈದು ವಾಟ್ ಆಸುಪಾಸು ಎಳೆಯುತ್ತೆ, ತಿಂಗಳಿಗೆ ಹನ್ನೊಂದು ಯೂನಿಟ್. ಸ್ವಿಚ್ಚಿಗೆ ಎರಡೂವರೆ ಸಾವಿರ. ಕೊಳ್ಳುವಾಗ ವಿಲ್ಯಾನ್ ಮಾಡೋಕೆ ಬರುತ್ತಾ ಅಂತ ಕೇಳಿಯೇ ತಗೋಬೇಕು, ತೀರಾ ಅಗ್ಗದ್ದರಲ್ಲಿ ಬರೋಲ್ಲ. ತಂತಿ, ಕನೆಕ್ಟರ್, ಕ್ರಿಂಪಿಂಗ್ ಟೂಲ್, ಟೆಸ್ಟರ್ ಎಲ್ಲ ಸೇರಿ ಒಂದೂವರೆ ಸಾವಿರ. ರೂಟರ್ ನಿಮ್ಮ ಅಟ್ಟದಲ್ಲಿ ಬಿದ್ದಿತ್ತಲ್ಲ, ಅದೇ. ಅದಕ್ಕೆ ಓಪನ್‌ವರ್ಟ್ ಅನ್ನೋ ಉಚಿತ ತಂತ್ರಾಂಶ ಹಾಕಿದ. ಎಲ್ಲ ರೂಟರಿಗೂ ಅದು ಒಗ್ಗೋದಿಲ್ಲ, ಮಾಡೆಲ್ ನೋಡಿಯೇ ಕೈ ಹಾಕಬೇಕು, ನಿಮ್ಮದಕ್ಕೆ ಒಗ್ಗಿತು.

ಆ ಪುಟ್ಟ ಡಬ್ಬಿಯಲ್ಲಿ ಪ್ರಾಕ್ಸ್‌ಮಾಕ್ಸ್ ಅಂತ ಹಾಕಿದ್ದಾನೆ, ಅದಕ್ಕೂ ದುಡ್ಡಿಲ್ಲ. ಒಂದೇ ಯಂತ್ರದ ಒಳಗೆ ಐದಾರು ಯಂತ್ರ ಎಬ್ಬಿಸಬಹುದು. ಕೆಡಿಸೋಕೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಕೆಟ್ಟ ಮೇಲೆ ಇದ್ದ ಹಾಗೇ ವಾಪಸ್ ತರಬಹುದು. ನನಗೆ ಅದು ಕಂಡಾಗ ನಿಜವಾಗಿ ಗಂಟಲು ಕಟ್ಟಿತು ಗಿರಿಜಮ್ಮ. ನಾನು ದೂರವಾಣಿ ಇಲಾಖೆಗೆ ಸೇರಿದ್ದು 1984ರಲ್ಲಿ. ತರಬೇತಿಯಲ್ಲಿ ಚಂದಾದಾರರ ಲೈನೇ ಇಲ್ಲದ ಒಂದು ಸ್ಟ್ರೌಜರ್ ರ್‍ಯಾಕ್ ಇತ್ತು. ಐದು ಅಂತ ಡಯಲ್ ಮಾಡಿದ್ರೆ ಸೆಲೆಕ್ಟರ್ ಕಟಕಟ ಅಂತ ಐದು ಮೆಟ್ಟಿಲು ಹತ್ತೋದು, ಆಮೇಲೆ ಅಡ್ಡಕ್ಕೆ ತಿರುಗೋದು. ನಮ್ಮ ಮೇಷ್ಟ್ರು ಒಂದು ರಿಲೇ ಸಡಿಲ ಮಾಡಿಟ್ಟು, ಹುಡುಕಿ ಅನ್ನೋರು. ಕಿವಿಯಲ್ಲೇ ದೋಷ ಹಿಡಿಯೋದನ್ನ ಅಲ್ಲಿ ಕಲಿತೆ. ಓಡ್ತಿರೋ ಎಕ್ಸ್‌ಚೇಂಜಿನಲ್ಲಿ ಹಾಗೆ ಕೈಯಾಡಿಸೋಕೆ ಯಾರು ಬಿಡ್ತಾರೆ? ಊರಿಗೆ ಊರೇ ಮೂಕಾಗುತ್ತೆ. ಕೆಡಿಸಿದ್ರೂ ಯಾರಿಗೂ ಕೇಡಾಗದ ಜಾಗ ಒಂದು ಬೇಕು. ನನಗೆ ಆ ರ್‍ಯಾಕ್ ಇತ್ತು, ಇವನಿಗೆ ಈ ಡಬ್ಬಿ ಇದೆ.

ಅದೇ 1984ರಲ್ಲಿ ಸಿ-ಡಾಟ್ ಅನ್ನೋ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಹುಟ್ಟಿತು. ನಮ್ಮೋರೇ ಮಾಡಿದ 128 ಲೈನಿನ ಮೊದಲ ಹಳ್ಳಿ ಎಕ್ಸ್‌ಚೇಂಜ್ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಏಸಿ ಇಲ್ಲದೆ, ಧೂಳು ಸೆಕೆಯಲ್ಲೇ ಓಡೋ ಹಾಗೆ ಮಾಡಿದ್ರು. ಸುಹಾಸನಿಗೆ ಇದನ್ನ ಹೇಳ್ದಾಗ ತನ್ನ ಡಬ್ಬಿಯನ್ನ ಒಂದು ಸಲ ತಿರುಗಿ ನೋಡ್ದ.

ಇನ್ನು ತಂತಿಯ ಕಥೆ ಕೇಳಿ. ಅವನು ತಂದ ಕೇಬಲ್ ಸುಲಿದಾಗ ಒಳಗೆ ನೀಲಿ, ಕಿತ್ತಳೆ, ಹಸಿರು, ಕಂದು. ನನಗೆ ತವರಿನೋರು ಸಿಕ್ಕ ಹಾಗಾಯ್ತು! ಟೆಲಿಫೋನ್ ಕೇಬಲ್ಲಿನ ಮೊದಲ ನಾಲ್ಕು ಜೋಡಿ ಇವೇ ಬಣ್ಣ, ಐದನೇದು ಬೂದು. ಮೂವತ್ತು ವರ್ಷ ಎಂ.ಡಿ.ಎಫ್. ಅನ್ನೋ, ಊರಿನ ಲೈನೆಲ್ಲ ಬಂದು ಸೇರೋ ಚೌಕಟ್ಟಿನ ಮುಂದೆ ನಿಂತು ಬಾಯಿಪಾಠ ಮಾಡಿದ್ದು. ಇವನು ಬಣ್ಣಗಳನ್ನ ಜೋಡಿ ಜೋಡಿಯಾಗಿ ಸಾಲಾಗಿ ಜೋಡಿಸಿ ಎರಡೂ ತುದಿ ಕ್ರಿಂಪ್ ಮಾಡಿದ. ಟೆಸ್ಟರಿನಲ್ಲಿ ಎಂಟೂ ದೀಪ ಹತ್ತಿದವು, ಮಾಳಿಗೆಯಲ್ಲಿ ಮಾತ್ರ ವೇಗವೇ ಬರ್ಲಿಲ್ಲ. ಎರಡು ದಿನ ತಲೆ ಕೆಡಿಸ್ಕೊಂಡ. ನಾನು ತುದಿ ನೋಡ್ದೆ: ಹಸಿರು ಜೋಡಿ ಬಿಡಿಸಿ ಮೂರಕ್ಕೂ ಆರಕ್ಕೂ ಹಾಕಬೇಕು, ನಡುವಿನ ನಾಲ್ಕು ಐದರಲ್ಲಿ ನೀಲಿ ಕೂರಬೇಕು. ಯಾಕೆ ಗೊತ್ತಾ? ನಡುವಿನ ಆ ಎರಡು ಪಿನ್ ಟೆಲಿಫೋನಿಗೆ ಅಂತ ಇದ್ದ ಜಾಗ, ಅದಕ್ಕೇ ಮೊದಲ ಜೋಡಿ ಅಲ್ಲಿ. ಸಾಲಾಗಿ ಹಾಕಿದ್ರೆ ಒಂದು ಸಂಕೇತದ ಹೋಗೋ ತಂತಿ ಒಂದು ಜೋಡಿಯಲ್ಲಿ, ಬರೋದು ಇನ್ನೊಂದು ಜೋಡಿಯಲ್ಲಿ. ಜೋಡಿಯನ್ನ ಹೊಸೆಯೋದೇ ಗದ್ದಲ ಕಳೆಯೋಕೆ. ಹೊಸೆದದ್ದು ವ್ಯರ್ಥವಾಗಿ ಒಂದರ ಮಾತು ಇನ್ನೊಂದಕ್ಕೆ ಸೋರುತ್ತೆ. ದೀಪದ ಟೆಸ್ಟರ್ ತಂತಿ ಮುಟ್ಟಿದೆಯೋ ಇಲ್ಲವೋ ಅಷ್ಟೇ ಹೇಳುತ್ತೆ.

ಈಗ ನೋಡಿ, ನಿಮ್ಮ ಮಾಳಿಗೆಯಿಂದ ನಮ್ಮ ಮನೆಗೆ ಬೇಲಿ ಮೇಲೆ ಬಂದಿದೆಯಲ್ಲ ಈ ತೆಳು ಕಪ್ಪು ಎಳೆ, ಬಟ್ಟೆ ಒಣಹಾಕೋ ತಂತಿ ಅಂತ ನೀವು ಅಂದ್ಕೊಂಡಿದ್ದು, ಅದು ಗಾಜಿನ ಫೈಬರ್. ಎರಡು ತುದಿಯ ಕನ್ವರ್ಟರ್ ನಾನೇ ಎರಡು ಸಾವಿರ ಕೊಟ್ಟು ತರಿಸಿದೆ. ತಾಮ್ರ ಹಾಕೋಣ ಅಂದಿದ್ದ. ಮನೆಯಿಂದ ಮನೆಗೆ ತಾಮ್ರ ಕೂಡದು ಅಂದೆ, ನಮ್ಮ ಶಿವಮೊಗ್ಗದ ಸಿಡಿಲಿನಲ್ಲಿ ಎಷ್ಟು ಲೈನ್ ಸುಟ್ಟದ್ದನ್ನ ಈ ಕಣ್ಣು ಕಂಡಿಲ್ಲ!

ನಿಮ್ಮದು 10.10, ನಮ್ಮದು 10.20, ಎರಡು ಜಾಲ ಅಂತ ಮಾಡಿದ್ವಿ. ಮೊದಲ ದಿನ ಅವನು ಅಲ್ಲಿಂದ ಪಿಂಗ್ ಮಾಡ್ತಾನೆ, ಉತ್ತರವೇ ಇಲ್ಲ. ನಾನು ಇಲ್ಲಿ ನೋಡ್ತೀನಿ, ಅವನ ಪ್ಯಾಕೆಟ್ ಬಂದು ನಿಂತಿದೆ! "ಬರ್ತಿದೆ ಕಣೋ" ಅಂತ ಬೇಲಿಯಿಂದ ಕೂಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಹೇಳ್ದ, "ಆಂಟಿ, ನಮ್ಮ ಮನೆಗೆ ಬರೋ ದಾರಿ ನಿಮ್ಮ ರೂಟರಿಗೆ ಗೊತ್ತಿಲ್ಲ." ಹೋಗೋ ದಾರಿ ಬರೆದ್ರೆ ಸಾಲದು, ಬರೋ ದಾರಿಯನ್ನ ಆ ಕಡೆಯವರು ಬರೀಬೇಕು. ನನ್ನ ಕಡೆ ಒಂದು ಸಾಲು ಸೇರಿಸಿದೆ. ತಕ್ಷಣ ಉತ್ತರ, ಒಂದಾದ ಮೇಲೊಂದು. ಆವತ್ತು ನಿಮ್ಮ ಮಾಳಿಗೆಯಿಂದ ಒಂದು ಕೇಕೆ ಕೇಳಿಸ್ಲಿಲ್ವಾ? ಅದೇ.

ಇನ್ನು ಅವನು ಸೇರಬೇಕು ಅಂತಿರೋ ನಲವತ್ತು ಸಾವಿರದ ನೆಟ್‌ವರ್ಕ್ ಕೋರ್ಸ್ ಆರು ತಿಂಗಳು ತಡೀಲಿ. ಅಲ್ಲಿವರೆಗೆ ದೊಡ್ಡ ಜಾಲ ಕಟ್ಟಿ ನೋಡೋಕೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿದೆ, ಸಿಸ್ಕೋದವರದ್ದೇ. ಮಾಡಿದ್ದನ್ನೆಲ್ಲ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೀತಾನೆ, ಕೆಟ್ಟದ್ದನ್ನೂ ಬರೀತಾನೆ. ಕೆಲಸಕ್ಕೆ ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ ತಗೊಂಡು ಹೋಗು ಅಂದಿದ್ದೀನಿ.

ಅಗೋ, ಪಡುವಣ ಕಡೆ ಮೋಡ ಕಪ್ಪಾಗಿ ಬಂತು, ಗುಡುಗಿದ ಹಾಗಾಯ್ತು. ಸೊಪ್ಪು ಸಾಕಾ? ಹೋಗಿ, ಸುಹಾಸನಿಗೆ ಹೇಳಿ, ಡಬ್ಬಿಯನ್ನ ಕ್ರಮವಾಗಿ ಆರಿಸಿ ಪ್ಲಗ್ ತೆಗೀಲಿ. ಬೇಲಿ ಮೇಲಿನ ಎಳೆ ಹಾಗೇ ಇರಲಿ, ಗಾಜು ಅದು.