ಪೋಕರ್ ಪ್ರಕಾರ ನಿರ್ಣಯ: ಭಾಲ್ಕಿ ಶಾಖೆ

ಯಾವ ಶಾಸ್ತ್ರ ಬರೆಯಲು ಕೂತರೂ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಆನ್‌ಲೈನ್ ಪೋಕರ್‌ನ ನಾನಾ ಪ್ರಕಾರಗಳಲ್ಲಿ ಹೊಸಬ ಯಾವುದನ್ನು ಹಿಡಿಯಬೇಕು ಎಂಬುದು. ಅಧಿಕಾರಿ: ಭಾಲ್ಕಿ, ಔರಾದ್, ಬೀದರ್ ಸೀಮೆಯಲ್ಲಿ ಡಿಗ್ರಿ ಮುಗಿಸಿ, ನೌಕರಿ ಅರ್ಜಿ ಹಾಕಿ, ದಿನದ ಡೇಟಾ ಮುಗಿಯುವವರೆಗೆ ಬಿಡುವಿರುವ ತರುಣ. ಸಂಬಂಧ: ವಿಷಯಕ್ಕೂ ಅಧಿಕಾರಿಗೂ ನಡುವೆ ಇರುವುದು ಯುಪಿಐ. ಪ್ರಯೋಜನ: ಯಾರಿಗೆ ಎಂಬುದು ಮುಂದೆ ಗೊತ್ತಾಗುತ್ತದೆ.

ಭಾಲ್ಕಿಗೂ ಪೋಕರಿಗೂ ಏನು ನಂಟು ಎಂದು ಮೂಗು ಮುರಿಯುವವರು ಇದೇ ಜಿಲ್ಲೆಯ ಬಸವಕಲ್ಯಾಣವನ್ನು ನೆನೆಯಲಿ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ನೂರು ಅಧ್ಯಾಯಗಳ ಆ ಗ್ರಂಥದ ಕೊನೆಯ ಭಾಗದ ಹೆಸರೇ ಕ್ರೀಡಾವಿಂಶತಿ. ದಾಳಕ್ಕೂ ಕವಡೆಗೂ ಅಲ್ಲಿ ಜಾಗ ಸಿಕ್ಕಿದೆ. ಇಸ್ಪೀಟಿಗೆ ಸಿಕ್ಕಿಲ್ಲ. ಅದು ದೊರೆಯ ತಪ್ಪಲ್ಲ, ಎಲೆಯಾಟದ ಸುಳಿವು ಈ ದೇಶದಲ್ಲಿ ಸಿಗುವುದೇ ಆಮೇಲೆ. 1527ರಲ್ಲಿ ಬಾಬರ್ ಸಿಂಧ್‌ನ ಗೆಳೆಯನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದು ಇಲ್ಲಿನ ಹಳೆಯ ದಾಖಲೆಗಳಲ್ಲಿ ಒಂದು. ಸೋಮೇಶ್ವರ ಬಿಟ್ಟ ಜಾಗವನ್ನು ತುಂಬುವ ಹೊಣೆ ಹೀಗಾಗಿ ಭಾಲ್ಕಿಯ ಮೇಲೆ ಬಿದ್ದಿದೆ ಎಂಬುದು ನಮ್ಮ ಮತ. ಆ ದೊರೆಗೆ ಖಜಾನೆ ಇತ್ತು ಎಂಬ ಸಣ್ಣ ವ್ಯತ್ಯಾಸವನ್ನು ವಿದ್ವಾಂಸರು ಮನ್ನಿಸಬೇಕು.

ಮೊದಲ ಕಗ್ಗಂಟು ನಸೀಬು. ಬೀದರ್ ಜಿಲ್ಲೆಯ ಠಾಣೆಗಳ ಪ್ರಕರಣ ಓದಿದವರಿಗೆ ಅದರ ಗದ್ಯ ಬಾಯಿಪಾಠ: ಸಾರ್ವಜನಿಕ ಸ್ಥಳದಲ್ಲಿ ಗೋಲಾಕಾರವಾಗಿ ಕುಳಿತು, ಹಣ ಪಣಕ್ಕಿಟ್ಟು, ‘ನಸೀಬಿನ ಇಸ್ಪೀಟ್ ಜೂಜಾಟ’ ಆಡುತ್ತಿದ್ದರು, ನಗದು ಇಷ್ಟು, ಎಲೆ 52 ಜಪ್ತಿ, ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 87. ನಸೀಬು ಎಂಬ ಸೂಕ್ಷ್ಮ ತತ್ವವನ್ನು ಹುಣಸೆ ಗಿಡದ ಕೆಳಗೆ, ಪಂಚರ ಸಮಕ್ಷಮ ಹೀಗೆ ಸ್ಥಾಪಿಸಿದ ದರ್ಶನ ಇನ್ನೊಂದಿಲ್ಲ. ಮೊಬೈಲ್ ಹಿಡಿದ ಪೂರ್ವಪಕ್ಷಿ ಇದನ್ನು ಒಪ್ಪುವುದಿಲ್ಲ. ಭಾಲ್ಕಿ ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿನಲ್ಲಿ ಅವನ ಮಂಡನೆ ಹೀಗಿದೆ:

“ಕಾಕಾ, ಇದು ನಸೀಬಿನ ಆಟ ಅಲ್ಲ, ದಿಮಾಗಿನ ಆಟ ಅದ.”

“ಹಂಗಿದ್ರ ಈ ತಿಂಗಳ ನಿನ್ನ ದಿಮಾಗಿಗಿ ಎಷ್ಟು ಖರ್ಚು ಬಂತಪಾ?”

ಎರಡನೆಯದು ಕಾಕಾಭಾಷ್ಯ. ಪೂರ್ವಪಕ್ಷಿ ಚಹಾ ಆರುತ್ತದೆಂದು ಕುಡಿಯತೊಡಗಿದ.

ಆದರೂ ಅವನ ಬೆನ್ನಿಗೆ ದೊಡ್ಡ ಪ್ರಮಾಣಗಳಿವೆ. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಮಾನಿಸಿತು. ಅಲ್ಲಿ ಚರ್ಚೆಗೆ ಬಂದದ್ದು ಫಸಲಿ 1305ರ ಹೈದರಾಬಾದ್ ಜೂಜು ಕಾಯ್ದೆ, ಅಂದರೆ ನಮ್ಮ ಬೀದರ್ ನಿಜಾಮನ ಕೈಕೆಳಗಿದ್ದ ಕಾಲದ್ದು. ರಮ್ಮಿಯಲ್ಲಿ ಜಾಣತನವೇ ಹೆಚ್ಚು, ಮೂರೆಲೆಯ ಆಟ ಬರೀ ಅದೃಷ್ಟ ಎಂದಿತು ಕೋರ್ಟು. ತೀನ್ ಪತ್ತಿಯವರು ಇದರಿಂದ ನೊಂದರೇ ಹೊರತು ಆಟ ಬಿಡಲಿಲ್ಲ. ಪೋಕರ್ ಬಗ್ಗೆ ಆಚಾರ್ಯರಲ್ಲೇ ಭಿನ್ನಮತ. ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್. ಇದು ಜೂಜೇ ಎಂದು 2017ರಲ್ಲಿ ಗುಜರಾತ್ ಹೈಕೋರ್ಟ್. ಅದೇ ವರ್ಷ ತೆಲಂಗಾಣ ತನ್ನ ಕಾಯ್ದೆ ತಿದ್ದಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಲ್ಲಿಸಿತು. ಕರ್ನಾಟಕವೂ 2021ರ ಅಕ್ಟೋಬರಿನಲ್ಲಿ ನಿಲ್ಲಿಸಿ ನೋಡಿತು; 2022ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಹೈಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಆಮೇಲಿನ ಮೂರು ವರ್ಷ ಗಡಿನಾಡಿನ ತರ್ಕಶಾಸ್ತ್ರಕ್ಕೆ ಸುಗ್ಗಿ: ಬೀದರಿನಲ್ಲಿ ಜಹೀರಾಬಾದ್ ಬಸ್ಸು ಹತ್ತಿದವನ ಕೈಯ ಎರಡು ಎಕ್ಕ, ಗಡಿ ದಾಟುತ್ತಲೇ ಬುದ್ಧಿವಂತಿಕೆಯಿಂದ ಅಪರಾಧಕ್ಕೆ ಬಡ್ತಿ ಪಡೆಯುತ್ತಿದ್ದವು.

ಇನ್ನು ಪ್ರಕಾರ ವಿವೇಚನೆ.

ಮೂಲ ಆಟ ಟೆಕ್ಸಾಸ್ ಹೋಲ್ಡೆಮ್. ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಕೈಗೆ ಬರಬಹುದಾದ ಎರಡೆಲೆಯ ಜೋಡಣೆಗಳು 1,326. ಅವುಗಳಲ್ಲಿ ಎಕ್ಕದ ಜೋಡಿ ಆರೇ ಆರು. ಅಂದರೆ ಸರಾಸರಿ 221 ಸಲ ಹಂಚಿದರೆ ಒಂದು ಸಲ. ಉಳಿದ 220 ಸಲ ಬಹುಪಾಲು ಎಲೆ ಒಗೆದು ಸುಮ್ಮನಿರುವುದೇ ವಿದ್ಯೆ ಎನ್ನುತ್ತಾರೆ ಬಲ್ಲವರು. ನಮ್ಮ ಅಧಿಕಾರಿ ಇದನ್ನು ಅವಮಾನವೆಂದು ತಿಳಿಯುತ್ತಾನೆ. ರೊಕ್ಕ ಕೊಟ್ಟು ಕೂತದ್ದು ಸುಮ್ಮನಿರಲಿಕ್ಕಾ? ಒಮಾಹಾದಲ್ಲಿ ಕೈಗೆ ನಾಲ್ಕು ಎಲೆ ಬರುತ್ತವೆ, ಆಸೆ ದುಪ್ಪಟ್ಟು. ಆದರೆ ಆ ನಾಲ್ಕರಲ್ಲಿ ಎರಡನ್ನು ಮಾತ್ರ, ಮತ್ತು ಎರಡನ್ನು ಬಳಸಲೇಬೇಕು ಎಂಬ ನಿಯಮ ಹೊಸಬನಿಗೆ ಹೊಳೆಯುವುದು ಸೋತ ಮೇಲೆ.

ಕ್ಯಾಶ್ ಗೇಮಿನಲ್ಲಿ ಯಾವಾಗ ಬೇಕಾದರೂ ಎದ್ದು ಹೋಗಬಹುದು. ಇದು ಅದರ ಗುಣ ಎಂದು ಎಲ್ಲರೂ ಬರೆದಿದ್ದಾರೆ. ಗೆದ್ದಾಗ ಎದ್ದವನನ್ನು ಈ ಶಾಖೆಯವರು ಕಂಡಿಲ್ಲ. ಟೂರ್ನಮೆಂಟಿಗೆ ಪ್ರವೇಶ ಶುಲ್ಕ ಒಂದೇ ಸಲ, ಆದರೆ ಕಡ್ಡಾಯ ಪಣ ಹೊತ್ತುಹೊತ್ತಿಗೆ ಏರುತ್ತದೆ, ಬಹುಮಾನ ಮುಟ್ಟುವುದು ಮೇಲಿನ ಸ್ವಲ್ಪ ಜನಕ್ಕೆ, ಮುಗಿಯುವುದು ನಡುರಾತ್ರಿ ಕಳೆದು. ತ್ರೀ-ಫೇಸ್ ಕರೆಂಟಿಗಾಗಿ ಕಬ್ಬಿನ ಹೊಲದಲ್ಲಿ ಅಪ್ಪ ಎಚ್ಚರ, ಟೂರ್ನಮೆಂಟಿಗಾಗಿ ಮನೆಯಲ್ಲಿ ಮಗ ಎಚ್ಚರ. ಬೆಳಗಾದರೆ ಇಬ್ಬರ ಕಣ್ಣೂ ಕೆಂಪು, ಕಬ್ಬಿಗೆ ಮಾತ್ರ ನೀರು. ಸಿಟ್ ಅಂಡ್ ಗೋ ನಮ್ಮವರಿಗೆ ಬೇಗ ತಿಳಿಯುವ ಪ್ರಕಾರ: ಔರಾದ್ ಕಡೆಯ ಜೀಪಿನಂತೆ ಸೀಟು ತುಂಬಿದರೆ ಹೊರಡುತ್ತದೆ, ಆರೋ ಒಂಬತ್ತೋ ಜನ ಆಗುವವರೆಗೆ ಕಾಯಬೇಕು. ಮೂರೇ ಜನರ ಚಕ್ರದ ಆಟವೊಂದಿದೆ; ಬಹುಮಾನ ಎಷ್ಟೆಂದು ಮೊದಲೇ ಚಕ್ರ ತಿರುಗಿ ಹೇಳುತ್ತದೆ, ಹೆಚ್ಚಿನ ಸಲ ಕಟ್ಟಿದ್ದರ ಎರಡೋ ಮೂರೋ ಪಟ್ಟು. ಇಲ್ಲಿ ನಸೀಬು ಬುರ್ಖಾ ತೆಗೆದು ಎದುರಿಗೇ ಕೂತಿರುವುದರಿಂದ ಶಾಸ್ತ್ರಕ್ಕೆ ಕೆಲಸವಿಲ್ಲ.

ಎಲ್ಲ ಪ್ರಕಾರಗಳಲ್ಲೂ ಒಂದು ಸಾಮಾನ್ಯ ಲಕ್ಷಣ ಕಂಡುಬಂದಿದೆ. ಆಡಿಸುವವನ ಪಾಲು ಮೊದಲೇ ಹೊರಗೆ ಹೋಗುತ್ತದೆ, ಗೆದ್ದವನದ್ದೂ ಸೋತವನದ್ದೂ ಅದರ ನಂತರದ ಲೆಕ್ಕ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30 ಮೂಲದಲ್ಲೇ ಕಡಿತ. ಅದೇ ವರ್ಷದ ಅಕ್ಟೋಬರ್ 1ರಿಂದ ಒಳಗೆ ಹಾಕಿದ ಹಣದ ಮೇಲೆ ಶೇ 28 ಜಿಎಸ್‌ಟಿ: ನೂರು ರೂಪಾಯಿ ಹಾಕಿದರೆ ಒಂದು ಎಲೆಯೂ ಹಂಚುವ ಮುಂಚೆ ಅದರಲ್ಲಿ 21 ರೂಪಾಯಿ 88 ಪೈಸೆ ತೆರಿಗೆಗೆ ಹೋಗುತ್ತಿತ್ತು. ಈ ಮೇಜಿನಲ್ಲಿ ಹೆಸರು ಕಾಣದ, ಎಲೆ ಮುಟ್ಟದ, ಒಮ್ಮೆಯೂ ಸೋಲದ ಆಟಗಾರರೊಬ್ಬರಿದ್ದರು ಎಂಬ ನಮ್ಮ ಸಂಶೋಧನೆಗೆ ಇದೇ ಆಧಾರ. ಅವರು ಯಾವ ಪ್ರಕಾರ ಹಿಡಿದಿದ್ದರೆಂದು ನೋಡಿ ಹೊಸಬ ಅದನ್ನೇ ಹಿಡಿಯಬಹುದಿತ್ತು, ಆದರೆ ಅದಕ್ಕೆ ಸಂಸತ್ತು ಬೇಕಾಗುತ್ತದೆ.

ಆ ಸಂಸತ್ತೇ ಕೊನೆಗೆ ಗ್ರಂಥ ಮುಗಿಸಿತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ದಾಟಿ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಕೌಶಲವಿರಲಿ ನಸೀಬಿರಲಿ, ಹಣ ಕಟ್ಟಿಸಿಕೊಳ್ಳುವ ಆಟ ನಿಷಿದ್ಧ. ಆಡಿಸಿದವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ನೂರಾರು ಪುಟಗಳ ನಸೀಬು-ದಿಮಾಗು ವಾದ ಮೂರು ದಿನದಲ್ಲಿ ಬಗೆಹರಿಯಿತು. ರಮ್ಮಿ, ಪೋಕರ್ ನಡೆಸುತ್ತಿದ್ದ ಕಂಪನಿಯೊಂದು ಇದರ ವಿರುದ್ಧ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು, ಸೆಪ್ಟೆಂಬರಿನಲ್ಲಿ ಆ ಪ್ರಕರಣ ಸುಪ್ರೀಂ ಕೋರ್ಟಿಗೆ ವರ್ಗವಾಯಿತು. ಅದೇ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ, ಸಂಸತ್ತು ನಿಷೇಧಿಸಿದ್ದ ಈ ಆಟದ ತೆರಿಗೆಯನ್ನು ಶೇ 28ರಿಂದ 40ಕ್ಕೆ ಏರಿಸಿತು. ಮಾಯಾವಾದದ ಬಗ್ಗೆ ಸಂಶಯವಿದ್ದವರು ಇದನ್ನು ಮನನ ಮಾಡಬಹುದು.

ಸಿದ್ಧಾಂತ: ಹೊಸಬ ಹಿಡಿಯಬೇಕಾದದ್ದು ದುಡ್ಡಿಲ್ಲದ ಪ್ರಕಾರ, ಉಳಿದಿರುವುದೂ ಅದೊಂದೇ. ಪಣ ಬೇಕೇ ಬೇಕೆಂದರೆ ತೊಗರಿಕಾಳು ಹಂಚಿಕೊಂಡು ಕಟ್ಟಿಯ ಮೇಲೆ ಆಡಬಹುದು. ಸಂಜೆಗೆ ಗೆದ್ದವನ ಮನೆಯಲ್ಲಿ ಬ್ಯಾಳಿ.

ಫಲಶ್ರುತಿ: ಇದನ್ನು ಕೇಳಿದವರಿಗೆ ಪುಣ್ಯ ಬರುವ ಖಾತ್ರಿ ಇಲ್ಲ. ಆದರೆ ಟೆಲಿಗ್ರಾಂನಲ್ಲಿ ಯಾರೋ ವಿದೇಶದ ಪೋಕರ್ ಲಿಂಕು ಕಳಿಸಿ ಬೋನಸ್ ಕೊಡುತ್ತೇವೆ ಎಂದರೆ ಮುಟ್ಟಬೇಡಿ. ಮುಟ್ಟಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಹೋಯಿತು, ಯಾವಾಗ ಹೋಯಿತು ಎಂದು ಕೇಳುತ್ತಾರೆ. ಕ್ಯಾಶ್ ಗೇಮೋ ಟೂರ್ನಮೆಂಟೋ ಎಂದು ಕೇಳುವುದಿಲ್ಲ.