ಬೆಕ್ಕಿನ ತಾಲೂಕಾ ವಿಭಜನೆ

ಗೋಕಾಕದ ನಮ್ಮ ಮನೆ ಕಾಗದಪತ್ರದಲ್ಲಷ್ಟೇ ನಮ್ಮದು. ಕುರ್ಚಿಯ ಕಾಲು, ಬಾಗಿಲ ಚೌಕಟ್ಟು, ನನ್ನ ಧೋತರದ ಅಂಚು, ಎಲ್ಲಕ್ಕೂ ಹಳೇ ಬೆಕ್ಕು ಕೆನ್ನೆ ತಿಕ್ಕಿ ಮೊಹರು ಒತ್ತಿದೆ. ಅದರ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉತಾರ, ನಕಾಶೆ ಎಲ್ಲ ಅಲ್ಲೇ. ಹುಕ್ಕೇರಿಯಿಂದ ಮರಿಯ ಬುಟ್ಟಿ ಬಂದದ್ದೇ ತಡ, ಬಾಲ ಉಬ್ಬಿತು. ಬುಸ್ಸೆಂದ ರಭಸಕ್ಕೆ ಅಜ್ಜಿ ಹಾವೆಂದು ಕಟ್ಟೆ ಏರಿದಳು.

"2018ರಾಗ ಮೂಡಲಗಿ ಗೋಕಾಕದಿಂದ ಬ್ಯಾರೆ ತಾಲೂಕಾ ಆಗ್ಲಿಲ್ಲೇನು? ಇದಕ್ಕೂ ಒಂದ ಖೋಲಿ ಬ್ಯಾರೆ ಮಾಡ್ರಿ" ಅಂದಳು ಹೆಂಡತಿ.

ಶಾಸ್ತ್ರಬದ್ಧ ತೀರ್ಪು! ಮರಿಗೆ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಉಸುಕಿನ ತಟ್ಟೆ. ಇದು ಮಲಗಿದ ಅರಿವೆ ಅದಕ್ಕೆ, ಅದರದು ಇದಕ್ಕೆ. ಮುಖಕ್ಕಿಂತ ಮೊದಲು ವಾಸನೆಯ ಪರಿಚಯ ಆಗಬೇಕು. ಆಮೇಲೆ ಮುಚ್ಚಿದ ಬಾಗಿಲಿನ ಅತ್ತಿತ್ತ ಏಕಕಾಲಕ್ಕೆ ಊಟ. ಸಂಧಾನಕ್ಕೆಂದು ಕರದಂಟು ಮುಂದಿಟ್ಟರೆ ಬೆಲ್ಲ ದಂಡ: ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯದು. (ಗೋಕಾಕದಲ್ಲಿ ಹುಟ್ಟಿ ಎಂಥ ಕರ್ಮ!)

ಇದಕ್ಕೆಲ್ಲ ವಾರಗಟ್ಟಲೆ ಹಿಡಿಯುತ್ತದೆ. ಅಲ್ಲೀತನಕ ಮನೆಗೆ ಬಂದ ಬೀಗರು "ಒಮ್ಮೆ ಭೆಟ್ಟಿ ಮಾಡಿಸೂಣ" ಅಂತ ದಯಮಾಡಿ ಆ ಬಾಗಿಲು ತೆಗೀಬ್ಯಾಡ್ರಿ.